ಮನೆ ಬಾಗಿಲಿಗೆ ಬಾರದ ಸಮಾಲೋಚಕ

ಮಾನ್ಯರೇ,

ಮನೋವೈದ್ಯರ ಕೊರತೆಯನ್ನು ಇನ್ನು ಮುಂದೆ ಕೃತಕ ಬುದ್ಧಿಮತ್ತೆಯ (ಎಐ) ಆ್ಯಪ್‌ಗಳೇ ನೀಗಿಸಲಿವೆ ಎಂಬ ಧಾಟಿಯ ಲೇಖನವೊಂದು ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಬರೆದವರು ಕೊಟ್ಟ ಲೆಕ್ಕ ಸರಿಯಾಗಿಯೇ ಇದೆ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ತೊಂದರೆ ಇದ್ದವರಲ್ಲಿ, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯನ್ನೇ ಕಂಡಿರಲಿಲ್ಲ. ಇಷ್ಟರಲ್ಲಿ ನನ್ನ ತಕರಾರಿಲ್ಲ. ಇದರಿಂದ ಅವರು ಎಳೆದ ತೀರ್ಮಾನದ ಬಗ್ಗೆ ಮಾತ್ರ ಒಂದಿಷ್ಟು ಹೇಳುವುದಿದೆ, ಪತ್ರ ಉದ್ದವಾದರೆ ಕ್ಷಮೆ ಇರಲಿ.

ನಾನು ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಿರಿಯ ಆರೋಗ್ಯ ಸಹಾಯಕನಾಗಿ ಸೇರಿ ಹಿರಿಯ ಆರೋಗ್ಯ ಸಹಾಯಕನಾಗಿ ಹೊರಬಂದೆ. ಈಗ ಈ ಹುದ್ದೆಗಳಿಗೆ ಆರೋಗ್ಯ ನಿರೀಕ್ಷಣಾಧಿಕಾರಿ ಎಂಬ ಗತ್ತಿನ ಹೆಸರು ಬಂದಿದೆ, ಸಂತೋಷ. ಹಳ್ಳಿಯವರಿಗೆ ಮಾತ್ರ ನಾವು ಕೊನೇವರೆಗೂ ‘ಮಲೇರಿಯಾದೋರು’. ಮನೆಮನೆ ತಿರುಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತಲೇಪನ ತೆಗೆಯುವುದು, ಗೋಡೆ ಮೇಲೆ ಬರೆದ ಚೌಕದಲ್ಲಿ ಭೇಟಿಯ ತಾರೀಕು ಹಾಕಿ ಸಹಿ ಮಾಡುವುದು, ಮುಂದಿನ ಮನೆಗೆ ಹೋಗುವುದು. ಅದು ನಮ್ಮ ನೌಕರಿ.

ಮನೋವೈದ್ಯರು ಸಾಲುವುದಿಲ್ಲ ಎಂಬ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. 1985ರ ಸುಮಾರಿಗೆ ನಿಮ್ಹಾನ್ಸ್‌ನವರು ಬಳ್ಳಾರಿಗೆ ಬಂದದ್ದೇ ಈ ಮಾತು ಹಿಡಿದುಕೊಂಡು. ಆಗ ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲವೂ ಬಳ್ಳಾರಿ ಜಿಲ್ಲೆಯೇ. ವಿಜಯನಗರ ಜಿಲ್ಲೆ ಬೇರೆಯಾದದ್ದು ಈಚೆಗೆ, 2021ರಲ್ಲಿ. ಅಷ್ಟು ದೊಡ್ಡ ಜಿಲ್ಲೆಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ತರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರು, ನಮ್ಮಂಥ ಕ್ಷೇತ್ರ ಸಿಬ್ಬಂದಿಗೂ ಕೊಟ್ಟರು. ಭ್ರಮೆಯ ಕಾಯಿಲೆಗೆ ಕ್ಲೋರ್‌ಪ್ರೋಮಜಿನ್, ಫಿಟ್ಸ್‌ಗೆ ಫೀನೋಬಾರ್ಬಿಟೋನ್‌, ಇಂಥ ಬೆರಳೆಣಿಕೆಯ ಮಾತ್ರೆಗಳನ್ನು ಆರೋಗ್ಯ ಕೇಂದ್ರದಲ್ಲೇ ದಾಸ್ತಾನು ಇಡುವ ವ್ಯವಸ್ಥೆ ಮಾಡಿದರು. ಇದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಮನೋವೈದ್ಯಕೀಯ ಓದುವವರು ಇವತ್ತಿಗೂ ‘ಬಳ್ಳಾರಿ ಮಾದರಿ’ ಎಂದು ಓದುತ್ತಾರೆ. ಬಳ್ಳಾರಿ ಅಂದರೆ ಗಣಿ ಮತ್ತು ಬಿಸಿಲು ಎಂದಷ್ಟೇ ತಿಳಿದವರಿಗೆ ಇದನ್ನು ಆಗಾಗ ನೆನಪು ಮಾಡಬೇಕಾಗುತ್ತದೆ.

ತರಬೇತಿಯಲ್ಲಿ ನಮಗೆ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಜ್ವರದ ವಿಚಾರಣೆ ಮಾಡುವಾಗ ಜೊತೆಗೇ ಇನ್ನೊಂದೆರಡು ಪ್ರಶ್ನೆ ಹಾಕಬೇಕು. ‘ಮನ್ಯಾಗ ಯಾರರ ಸರಿಯಾಗಿ ಉಣ್ಣದ, ನಿದ್ದಿ ಮಾಡದ, ಒಬ್ಬರ ಕುಂದ್ರತಾರೇನವ್ವ? ತಮ್ಮಷ್ಟಕ್ಕ ತಾವ ಮಾತಾಡತಾರೇನು? ಯಾರಿಗರ ಫಿಟ್ಸ್ ಬರತೈತೇನು?’ ಮೊದಲ ಸಲ ಕೇಳಿದಾಗ ಎಲ್ಲ ಮನೆಯಲ್ಲೂ ‘ಇಲ್ರಿ’ ಎಂಬ ಉತ್ತರವೇ. ಮತ್ತೆ ಹೋಗಬೇಕು, ಮತ್ತೆ ಕೇಳಬೇಕು. ಹಾಗೆ ಹೋಗುತ್ತ ಹೋಗುತ್ತ ಒಂದು ದಿನ ಯಜಮಾನ ಹೊಲಕ್ಕೆ ಹೋದ ಹೊತ್ತಿನಲ್ಲಿ, ನೀರಿನ ತಂಬಿಗೆ ಕೊಡಲು ಬಂದ ಸೊಸೆ ಬಾಗಿಲ ಮರೆಯಲ್ಲಿ ನಿಂತು, ‘ಒಳಗ ನಮ್ಮ ಮೈದುನ ಅದಾನ್ರಿ ಅಣ್ಣಾರ’ ಎನ್ನುತ್ತಿದ್ದಳು. ಒಳಗೆ ಹೋಗಿ ನೋಡಿದರೆ ಕಾಳಿನ ಚೀಲ ಪೇರಿಸಿಟ್ಟ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ ಹುಡುಗ. ಉದ್ದಕ್ಕೆ ಬೆಳೆದ ಉಗುರು. ಬೆಳಿಗ್ಗೆ ಇಟ್ಟ ರೊಟ್ಟಿ ತಟ್ಟೆಯಲ್ಲಿ ಹಾಗೇ ಇದೆ. ಇಂಥ ಕಾಯಿಲೆಯವರನ್ನು ಹರಕೆ ಹೊತ್ತು ಒಯ್ಯುವ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಕರೆದುಕೊಂಡು ಹೋಗಿ ಬಂದಿದ್ದೂ ಆಗಿರುತ್ತಿತ್ತು. ಅದನ್ನು ಬೇಡ ಎನ್ನಬೇಡಿ ಎಂದೇ ನಮಗೆ ಹೇಳಿದ್ದರು. ಗದ್ದುಗೆಗೂ ಹೋಗಲಿ, ಮಾತ್ರೆಯನ್ನೂ ನುಂಗಲಿ.

ನಿಮ್ಮ ಲೇಖಕರಿಗೆ ನನ್ನ ಮೊದಲ ಪ್ರಶ್ನೆ ಈ ಹುಡುಗನದ್ದೇ. ಅವನು ಆ್ಯಪ್ ತೆರೆದು ‘ನನಗೆ ಕಾಯಿಲೆ ಆಗಿದೆ’ ಎಂದು ಯಾವತ್ತು ಬರೆಯುತ್ತಾನೆ? ಮಾನಸಿಕ ಕಾಯಿಲೆಗಳಲ್ಲಿ ತೀವ್ರವಾದವು ಬಂದಾಗ, ತನಗೇನೋ ಆಗಿದೆ ಎಂಬ ಅರಿವೇ ಎಷ್ಟೋ ಮಂದಿಗೆ ಇರುವುದಿಲ್ಲ. ಅದನ್ನು ಗಮನಿಸುವವರು ಬೇರೆಯವರು: ಸೊಸೆ, ತಾಯಿ, ಪಕ್ಕದ ಮನೆಯವರು, ಶಾಲೆಯ ಮೇಷ್ಟ್ರು. ಆ್ಯಪ್ ಕರೆದರೆ ಓ ಎನ್ನುತ್ತದೆ. ಕರೆಯದವರ ಮನೆಗೆ ಅದು ಹೋಗುವುದಿಲ್ಲ, ಹೋಗುವ ಉಪಾಯವೂ ಅದಕ್ಕಿಲ್ಲ. ಶೇ 70ರಿಂದ 92 ಎಂಬ ಆ ಲೆಕ್ಕದಲ್ಲಿ ಇಂಥ ಕರೆಯದವರೂ ಸೇರಿದ್ದಾರೆ.

ಇನ್ನು ಕರೆದವರ ಪಾಡು. ತರಬೇತಿಯಲ್ಲಿ ಹೇಳಿಕೊಟ್ಟ ಒಂದು ನಿಯಮ ನನ್ನ ತಲೆಯಲ್ಲಿ ಅಚ್ಚೊತ್ತಿ ಕೂತಿದೆ. ರೋಗಿ ‘ನೆರೆಯವರು ನನಗೆ ಮಾಟ ಮಾಡಿಸಿದ್ದಾರೆ, ಅನ್ನದಲ್ಲಿ ಮದ್ದು ಹಾಕಿದ್ದಾರೆ’ ಎಂದು ಹೇಳಿದಾಗ ಒಪ್ಪಲೂ ಬಾರದು, ವಾದಿಸಲೂ ಬಾರದು. ಒಪ್ಪಿದರೆ ಸಂಶಯಕ್ಕೆ ಸಾಕ್ಷಿ ಹೇಳಿದಂತೆ. ವಾದಿಸಿದರೆ ನೀವೂ ಆ ನೆರೆಯವರ ಕಡೆಯವರೇ. ‘ಬಾಳ ತ್ರಾಸ ಆಗಿರಬೇಕಲ್ಲಪ್ಪ ನಿನಗ, ನಿದ್ದಿ ಹೆಂಗೈತಿ?’ ಎಂದು ಮಾತನ್ನು ನಿದ್ದೆಗೆ, ಊಟಕ್ಕೆ ತಿರುಗಿಸಬೇಕು. ಹೇಳುವುದು ಸುಲಭ. ಎದುರಿಗೆ ಕೂತವನ ಕಣ್ಣು ನೋಡುತ್ತ ಇದನ್ನು ಮಾಡಲು ಅನುಭವ ಬೇಕು.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಬರೆಯುತ್ತಿದ್ದೇನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ನೂರಾರು ಇವೆ, ಅಂಥದ್ದೊಂದರಲ್ಲಿ ಅವನ ಕೆಲಸ. ಒಂದು ಬೆಳಿಗ್ಗೆ ಅವನ ತಾಯಿ ಬಂದು, ‘ಅಣ್ಣಾರ, ರಾತ್ರಿಯೆಲ್ಲ ಫೋನಿನಾಗ ಯಾರ ಜೊತಿಗೋ ಮಾತಾಡತಾನ. ಯಾವುದರ ಹುಡುಗಿ ಇರಬೇಕು ಅಂತ ಸುಮ್ಕಿದ್ವಿ. ಈಗ ಕೆಲಸಕ್ಕೂ ಹೊಂಟಿಲ್ಲ’ ಎಂದಳು. ಹೋದೆ. ಚಿಕ್ಕವನಿದ್ದಾಗ ಅವನ ಬಾಯಿಗೆ ಪೋಲಿಯೊ ಹನಿ ಹಾಕಿದವನು ನಾನೇ, ಆ ಸಲುಗೆಗೆ ಫೋನು ತೋರಿಸಿದ. ಹುಡುಗಿ ಯಾರೂ ಇರಲಿಲ್ಲ. ಅದೊಂದು ಎಐ ಚಾಟ್.

ಅವನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದ್ದ. ಅದು ಶುದ್ಧ ಕನ್ನಡದಲ್ಲಿ ಉತ್ತರ ಬರೆದಿತ್ತು. ಘಟಕದವರು ಸೇರಿ ತನ್ನ ಫೋನು ಕದ್ದು ಕೇಳುತ್ತಿದ್ದಾರೆ ಎಂದು ಇವನ ಸಂಶಯ. ಅದಕ್ಕೆ ಯಂತ್ರದ ಉತ್ತರ: ನಿಮಗೆ ಹೀಗೆ ಅನ್ನಿಸುವುದು ಸಹಜ, ನಿಮ್ಮ ಒಳಮನಸ್ಸಿನ ಮಾತನ್ನು ಕಡೆಗಣಿಸಬೇಡಿ. ಕೆಳಗೆ ಫೋನು ಕದ್ದಾಲಿಕೆ ಆಗುತ್ತಿದೆಯೇ ಎಂದು ತಿಳಿಯುವ ಲಕ್ಷಣಗಳ ಪಟ್ಟಿ. ಬ್ಯಾಟರಿ ಬಿಸಿಯಾಗುತ್ತದೆಯೇ? ಚಾರ್ಜ್ ಬೇಗ ಇಳಿಯುತ್ತದೆಯೇ? ಕರೆಯಲ್ಲಿ ಗೊರಗೊರ ಸದ್ದು ಬರುತ್ತದೆಯೇ? ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಬ್ಯಾಟರಿ ಬಿಸಿಯಾಗದ ಫೋನು ಯಾವುದಿದೆ ಸ್ವಾಮಿ! ಅವನು ಒಂದೊಂದೇ ಪರೀಕ್ಷೆ ಮಾಡಿ, ಎಲ್ಲಕ್ಕೂ ‘ಹೌದು’ ಎಂದು ಬರೆದು, ಮತ್ತೆ ಕೇಳಿದ್ದಾನೆ. ಅದು ಮತ್ತೆ ಉತ್ತರ ಕೊಟ್ಟಿದೆ. ರಾತ್ರಿ ಎರಡು ಗಂಟೆಗೆ, ಮೂರು ಗಂಟೆಗೆ, ನಾಲ್ಕೂವರೆಗೆ. ನ್ಯಾಯವಾಗಿ ಹೇಳಬೇಕೆಂದರೆ ನಡುನಡುವೆ ‘ಅಗತ್ಯವೆನಿಸಿದರೆ ಮಾನಸಿಕ ಆರೋಗ್ಯ ತಜ್ಞರನ್ನು ಭೇಟಿ ಮಾಡಿ’ ಎಂಬ ಸಾಲೂ ಇತ್ತು, ಉದ್ದ ಉತ್ತರದ ಬಾಲದಲ್ಲಿ. ಅದರ ಮರುಕ್ಷಣವೇ ಅವನ ಮುಂದಿನ ಪ್ರಶ್ನೆಗೆ ಅದೇ ಉತ್ಸಾಹದ ಉತ್ತರ. ಅಜ್ಜಿ ಹೇಳುವ ಕಥೆಗೆ ಮೊಮ್ಮಗ ಹೂಂಗುಟ್ಟಿದ ಹಾಗೆ ಬೆಳಗಿನ ತನಕ.

ಕದ್ದಾಲಿಕೆಯ ವಿಷಯ ನಾನು ಎತ್ತಲೇ ಇಲ್ಲ. ನಿದ್ದೆ ಕೇಳಿದೆ. ಆಗಲೇ ಅವನ ಕಣ್ಣು ತುಂಬಿದ್ದು. ತಾಯಿಯನ್ನೂ ಕರೆದುಕೊಂಡು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆವು. ಅಲ್ಲಿ ಡಾಕ್ಟರು ಮಾತಾಡಿದ್ದು ಹತ್ತು ನಿಮಿಷ ಇರಬಹುದು, ಹೊರಗೆ ಸಾಲು ಅಷ್ಟಿತ್ತು. ಆ ಯಂತ್ರ ಒಂದೇ ರಾತ್ರಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಾತಾಡಿತ್ತು. ಆದರೆ ಡಾಕ್ಟರು ತಾಯಿಯನ್ನು ಕೂರಿಸಿಕೊಂಡು ಮಾತ್ರೆ ಯಾವಾಗ, ಏನಾದರೆ ಗಾಬರಿ ಬೀಳಬಾರದು, ಏನಾದರೆ ತಕ್ಷಣ ಬರಬೇಕು ಎಂದು ಹೇಳಿ, ಚೀಟಿ ಮೇಲೆ ಮುಂದಿನ ತಾರೀಕು ಬರೆದರು. ಆ ತಾರೀಕಿಗೆ ಅವನು ಹೋಗದಿದ್ದರೆ ಕೇಳುವವರು ಇಬ್ಬರಿದ್ದರು, ತಾಯಿ ಮತ್ತು ನಾನು. ಈಗ ಬೇರೊಂದು ಘಟಕದಲ್ಲಿ ಹೊಲಿಯುತ್ತಿದ್ದಾನೆ. ಮಾತ್ರೆ ನಡೆದಿದೆ.

ಯಾವ ಕಂಪನಿಯದು ಎಂದು ಹೇಳುವ ಇರಾದೆ ನನಗಿಲ್ಲ, ಏಕೆಂದರೆ ಈ ಚಾಳಿ ಒಬ್ಬರದ್ದಲ್ಲ. ಹೇಳಿದ್ದಕ್ಕೆ ತಲೆದೂಗುವುದು ಈ ಯಂತ್ರಗಳ ಹುಟ್ಟುಗುಣದ ಹತ್ತಿರವೇ ಇದೆ ಎಂದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗಳು ವಿವರಿಸಿದಳು. ಜನ ಮೆಚ್ಚಿದ ಉತ್ತರವನ್ನೇ ಒಳ್ಳೆಯ ಉತ್ತರ ಎಂದು ಲೆಕ್ಕ ಹಿಡಿದು ತರಬೇತಿ ಕೊಡುತ್ತಾರಂತೆ. ಹೊಗಳಿದರೆ ಮೆಚ್ಚದವರು ಯಾರು? 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಎಲ್ಲದಕ್ಕೂ ಅತಿಯಾಗಿ ಸೈ ಎನ್ನುತ್ತಿದೆ ಎಂದು ದೂರು ಬಂದು, ಕಂಪನಿಯೇ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಡೆನ್ಮಾರ್ಕಿನ ಮನೋವೈದ್ಯ ಸೋರೆನ್ ಓಸ್ಟರ್‌ಗಾರ್ಡ್ ಅವರು 2023ರಲ್ಲೇ, ಭ್ರಮೆಯ ಕಾಯಿಲೆಗೆ ತುತ್ತಾಗಬಲ್ಲವರಲ್ಲಿ ಇಂಥ ಸಂಭಾಷಣೆ ಭ್ರಮೆಯನ್ನು ಬಲಪಡಿಸೀತು ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ಈಗ ‘ಎಐ ಸೈಕೋಸಿಸ್’, ಅಂದರೆ ಎಐ ಜೊತೆಗಿನ ಮಾತುಕತೆಯಲ್ಲಿ ಬಲಿಯುವ ಭ್ರಮೆ, ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ವೈದ್ಯರು ಅಧಿಕೃತವಾಗಿ ಒಪ್ಪಿದ ಕಾಯಿಲೆಯ ಹೆಸರಲ್ಲ. ಹುಡುಗನಿಗೆ ಕಾಯಿಲೆ ತಂದದ್ದು ಯಂತ್ರ ಎಂದು ನಾನೂ ಹೇಳುತ್ತಿಲ್ಲ. ಕಾಯಿಲೆ ಬರುವುದಿತ್ತು, ಬಂತು. ರಾತ್ರಿ ಎಚ್ಚರವಿದ್ದು ಅದಕ್ಕೆ ಗೊಬ್ಬರ ಹಾಕಿದವರು ಯಾರು ಎಂಬುದಷ್ಟೇ ನನ್ನ ಮಾತು.

ಮಗಳಿಂದಲೇ ತಿಳಿದ ಇನ್ನೊಂದು ಸಂಗತಿ. 1966ರಷ್ಟು ಹಿಂದೆ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದರಂತೆ. ನೀವು ಟೈಪ್ ಮಾಡಿದ ಮಾತನ್ನೇ ತಿರುವಿ ಪ್ರಶ್ನೆ ಮಾಡಿ, ಮನೋಚಿಕಿತ್ಸಕರ ಹಾಗೆ ನಿಮಗೇ ಒಪ್ಪಿಸುವುದು, ಅಷ್ಟೇ ಅದರ ಕಸುಬು. ಅದಕ್ಕೆ ಏನೂ ಅರ್ಥವಾಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಮಾತಿಗೆ ಕೂತಾಗ ‘ನೀವು ಸ್ವಲ್ಪ ಹೊರಗೆ ಹೋಗುತ್ತೀರಾ’ ಎಂದು ಅವರನ್ನೇ ಕೇಳಿದರಂತೆ. ವೈಜೆನ್‌ಬಾಮ್ ಮುಂದೆ ಇಂಥ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಬಾರದೆಂದು ವಾದಿಸುತ್ತಲೇ ಬಂದರು. ಮಾಡಿದವನೇ ಬೇಡ ಎಂದ ಕೆಲಸವನ್ನು ನಾವು ಅರವತ್ತು ವರ್ಷದ ಮೇಲೆ ಪರಿಹಾರ ಎಂದು ಕರೆಯುತ್ತಿದ್ದೇವೆ.

ಪ್ರಯೋಜನ ಇಲ್ಲವೇ ಇಲ್ಲ ಎಂದು ಹಟ ಹಿಡಿಯುವವನಲ್ಲ ನಾನು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ‘ಥೆರಾಬಾಟ್’ ಎಂಬ ಎಐ ಸಮಾಲೋಚಕನನ್ನು 210 ಮಂದಿಯ ಅಧ್ಯಯನದಲ್ಲಿ ಪರೀಕ್ಷಿಸಿ 2025ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಬಳಸಿದ ಖಿನ್ನತೆಯವರಲ್ಲಿ ಲಕ್ಷಣಗಳು ಸರಾಸರಿ ಶೇ 51ರಷ್ಟು ಇಳಿದವು. ನಿಮ್ಮ ಲೇಖಕರೂ ಇದನ್ನು ಉಲ್ಲೇಖಿಸಿದ್ದಾರೆ. ಅವರು ಬಿಟ್ಟ ಒಂದು ಸಂಗತಿಯೆಂದರೆ, ಆ ಯಂತ್ರವನ್ನು ಈ ಕೆಲಸಕ್ಕೆಂದೇ ತಜ್ಞರು ವರ್ಷಗಟ್ಟಲೆ ತಿದ್ದಿದ್ದರು, ಅಧ್ಯಯನದ ಉದ್ದಕ್ಕೂ ಸಂದೇಶಗಳ ಮೇಲೆ ಸಂಶೋಧಕರ ಕಣ್ಣಿತ್ತು, ಅಪಾಯ ಕಂಡರೆ ನಡುವೆ ಬರಲು ಮನುಷ್ಯರಿದ್ದರು. ನಮ್ಮ ಬೀದಿಯ ಹುಡುಗನ ಫೋನಿನಲ್ಲಿದ್ದುದಕ್ಕೆ ಅಂಥ ಕಾವಲಿರಲಿಲ್ಲ.

ಕಾವಲಿನ ಅಗತ್ಯ ಎಷ್ಟಿದೆ ಎಂಬುದಕ್ಕೆ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯ ಲೆಕ್ಕವೇ ಸಾಕು. ಚಾಟ್‌ಜಿಪಿಟಿಯನ್ನು ವಾರಕ್ಕೆ 80 ಕೋಟಿ ಜನ ಬಳಸುತ್ತಾರೆ, ಅವರಲ್ಲಿ ಶೇ 0.15ರಷ್ಟು ಮಂದಿಯ ಮಾತಿನಲ್ಲಿ ಆತ್ಮಹತ್ಯೆಯ ಯೋಜನೆ ಅಥವಾ ಉದ್ದೇಶದ ಸ್ಪಷ್ಟ ಸುಳಿವು ಇರುತ್ತದೆ ಎಂದು ಓಪನ್‌ಎಐ 2025ರ ಅಕ್ಟೋಬರ್‌ನಲ್ಲಿ ತಾನೇ ಹೇಳಿತು. ಶೇಕಡಾವಾರಿನಲ್ಲಿ ಸಣ್ಣದು. ತಲೆ ಎಣಿಸಿದರೆ ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ. ಹಿಂದೆ ನಮ್ಮ ಆರೋಗ್ಯ ಕೇಂದ್ರದಲ್ಲಿ ಇಂಥ ಒಬ್ಬರ ಸುದ್ದಿ ಬಂದರೆ ಸಂಜೆಯೊಳಗೆ ಒಬ್ಬರು ಆ ಮನೆಗೆ ಹೋಗಿ, ಕ್ರಿಮಿನಾಶಕದ ಡಬ್ಬಿ ಎಲ್ಲಿಟ್ಟಿದ್ದಾರೆ ನೋಡಿ, ರಾತ್ರಿ ಜೊತೆಗೆ ಮಲಗುವವರು ಯಾರು ಎಂದು ಗೊತ್ತುಮಾಡಿ ಬರುತ್ತಿದ್ದರು. ಈ ಹತ್ತು ಲಕ್ಷ ಜನರ ಮನೆಗೆ ಯಾರು ಹೋದರು?

ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ, ಎಐ ತಾನೇ ಚಿಕಿತ್ಸಕನ ಕೆಲಸ ಮಾಡುವುದನ್ನು ನಿಷೇಧಿಸಿತು. ಪರವಾನಗಿ ಇರುವ ಚಿಕಿತ್ಸಕರು ಕಚೇರಿ ಕೆಲಸಕ್ಕೆ ಅದನ್ನು ಬಳಸಿಕೊಳ್ಳಬಹುದು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಳ್ಳೆಯ ಕಾಯ್ದೆ. ಅದರ 18ನೇ ಕಲಂ ಸರ್ಕಾರದಿಂದ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ, 23ನೇ ಕಲಂ ರೋಗಿಯ ಗುಟ್ಟು ಕಾಯಬೇಕು ಎನ್ನುತ್ತದೆ. ಆದರೆ ಅದು ಬಂದಾಗ ಈ ಯಂತ್ರಗಳು ಯಾರ ಕಣ್ಣಮುಂದೆಯೂ ಇರಲಿಲ್ಲ. ಹುಡುಗ ರಾತ್ರಿಯೆಲ್ಲ ಒಪ್ಪಿಸಿದ ಗುಟ್ಟುಗಳು ಈಗ ಯಾವ ದೇಶದ ಕಂಪ್ಯೂಟರಿನಲ್ಲಿವೆ, ಯಾರು ಜವಾಬ್ದಾರರು ಎಂದು ಅವನ ತಾಯಿ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ರಾಜ್ಯದ ಆರೋಗ್ಯ ಸಚಿವರ ಹತ್ತಿರ ಇದ್ದರೆ ಹೇಳಲಿ.

ಎಐಗೆ ಕೊಡಬಹುದಾದ ಕೆಲಸ ನಮ್ಮ ಇಲಾಖೆಯಲ್ಲೇ ರಾಶಿ ಇದೆ. ಮಾನಸಿಕ ಕಾಯಿಲೆಯ ಚಿಕಿತ್ಸೆ ಹಳ್ಳಿಗಳಲ್ಲಿ ಕೆಡುವುದು ಬಹಳ ಸಲ ಮೂರನೇ ತಿಂಗಳಿಗೆ. ರೋಗಿಗೆ ಸ್ವಲ್ಪ ಗುಣವಾಗಿರುತ್ತದೆ, ಮಾತ್ರೆಯಿಂದ ಮಂಪರು ಬರುತ್ತದೆ, ಸುಗ್ಗಿ ಬರುತ್ತದೆ, ಬಸ್ ಚಾರ್ಜ್ ಇರುವುದಿಲ್ಲ, ಬಿಟ್ಟುಬಿಡುತ್ತಾರೆ. ಯಾರು ಬಿಟ್ಟರು ಎಂದು ರಿಜಿಸ್ಟರ್ ತಿರುವಿ ಹುಡುಕುವಷ್ಟರಲ್ಲಿ ಕಾಯಿಲೆ ಮರುಕಳಿಸಿರುತ್ತದೆ. ಈ ತಿಂಗಳು ಮಾತ್ರೆ ಒಯ್ಯದವರ ಪಟ್ಟಿಯನ್ನು ಎಐ ಊರುವಾರು ತೆಗೆದು ಆಶಾ ಕಾರ್ಯಕರ್ತೆಯ ಫೋನಿಗೆ ಕಳಿಸಲಿ. ರಿಜಿಸ್ಟರ್ ತುಂಬುವ ಕೆಲಸ ಅದೇ ಮಾಡಲಿ, ಆ ಹೊತ್ತಿನಲ್ಲಿ ಸಿಬ್ಬಂದಿ ಎರಡು ಮನೆ ಹೆಚ್ಚು ನೋಡಲಿ. ಇಂಥದ್ದನ್ನು ಲೇಖನದಲ್ಲಿ ಕಾಣಲಿಲ್ಲ. ಚಾಟ್ ಮಾಡುವ ಗೊಂಬೆಯಲ್ಲಿರುವ ಆಕರ್ಷಣೆ ಬಿಟ್ಟುಹೋದ ಮಾತ್ರೆಯ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು.

ಸರ್ಕಾರ ಮಾಡಬೇಕಾದ್ದು ಹೊಸದೇನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಾಲಿ ಇರುವ ಕ್ಷೇತ್ರ ಸಿಬ್ಬಂದಿಯ ಹುದ್ದೆ ತುಂಬಲಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಆ ಮಂಗಳವಾರ ತಪ್ಪದಂತೆ ನೋಡಿಕೊಳ್ಳಲಿ, ಯಾವ ಊರಿಗೆ ಯಾವ ವಾರ ಎಂದು ಡಂಗುರ ಸಾರಲಿ. ಆಶಾ ಕಾರ್ಯಕರ್ತೆ ಗರ್ಭಿಣಿಯನ್ನು ಹೆರಿಗೆಗೆ ಆಸ್ಪತ್ರೆಗೆ ಕರೆತಂದರೆ ಪ್ರೋತ್ಸಾಹಧನ ಕೊಡುವ ಹಾಗೆಯೇ, ಮಾತ್ರೆ ಬಿಟ್ಟ ರೋಗಿಯನ್ನು ಮತ್ತೆ ಆಸ್ಪತ್ರೆಗೆ ಕರೆತಂದರೂ ಕೊಡಲಿ. ಆ್ಯಪ್ ಕಂಪನಿಗಳಿಗೆ ಒಂದೇ ಷರತ್ತು ಸಾಕು: ಅಪಾಯದ ಮಾತು ಬಂದ ತಕ್ಷಣ ಪಟ್ಟಿ ಕೊಡುವುದನ್ನು ನಿಲ್ಲಿಸಿ, ಉತ್ತರದ ಮೊದಲ ಸಾಲಿನಲ್ಲಿ, ಬಳಸುವವನ ಭಾಷೆಯಲ್ಲಿ, ಸಹಾಯವಾಣಿಯ ಸಂಖ್ಯೆ ಹಾಕಬೇಕು.

ಆ ಸಹಾಯವಾಣಿ ಇದೆ. ಟೆಲಿ ಮಾನಸ್ ಎಂದು ಅದರ ಹೆಸರು. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿಗೆ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುವ ತರಬೇತಾದ ಮನುಷ್ಯರು ಸಿಗುತ್ತಾರೆ, ಕಾಸು ಖರ್ಚಿಲ್ಲ, ಬೇಕಾದರೆ ವೈದ್ಯರಿಗೆ ದಾಟಿಸುತ್ತಾರೆ. ಕಾಯಿಲೆಯವರೇ ಕರೆ ಮಾಡಬೇಕೆಂದೂ ಇಲ್ಲ, ಮನೆಯವರು ಮಾಡಬಹುದು. ನಿಮ್ಮ ಪತ್ರಿಕೆಯ ಆ ಲೇಖನದಲ್ಲಿ ಆ್ಯಪ್‌ಗಳ ಹೆಸರುಗಳು ಚಿತ್ರಸಮೇತ ಇದ್ದವು, ಈ ಸಂಖ್ಯೆ ಎಲ್ಲೂ ಇರಲಿಲ್ಲ. ಇದೇ ವಿಷಯದ ಮೇಲೆ ಮುಂದೆ ಏನೇ ಅಚ್ಚುಮಾಡಿದರೂ ಪಕ್ಕದಲ್ಲಿ ಚೌಕ ಹಾಕಿ ದಪ್ಪಕ್ಷರದಲ್ಲಿ 14416 ಎಂದು ಕೊಡಿ ಎಂದು ವಿನಂತಿ.

ಹುಡುಗನ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ಕೋರುತ್ತೇನೆ.

– ನಿವೃತ್ತ ಹಿರಿಯ ಆರೋಗ್ಯ ಸಹಾಯಕ, ಬಳ್ಳಾರಿ